ಅವ್ವನ ಜಬಾಬು

ಮಹಾರಾಷ್ಟ್ರದ ಗಡಿಯೂರು ಗಡಹಿಂಗ್ಲಜದ ಹೆಣ್ಣುಮಕ್ಕಳ ವಸತಿಗೃಹಕ್ಕೆ ಮೇಲ್ವಿಚಾರಕಿಯಾಗಿ ನೂತನಳನ್ನು ಆರಿಸಿ ಮೂರು ವಾರ ಕಳೆದಿತ್ತು. ಕೆಲಸಕ್ಕೆ ಸೇರಲು ಒಂದೇ ಒಂದು ಕಾಗದ ಬಾಕಿ, ಪೊಲೀಸರ ಚಾರಿತ್ರ್ಯ ಪ್ರಮಾಣಪತ್ರ. ಅದಕ್ಕೆ ಉತ್ತರ ಬಂದ ದಿನ ಸಂಸ್ಥೆಯ ಅಧ್ಯಕ್ಷ ಆಬಾಸಾಹೇಬರು ಅವಳನ್ನು ಕಚೇರಿಗೆ ಕರೆಸಿ, ಬಾಗಿಲು ಮುಂದಕ್ಕೆ ಮಾಡಿ, ಎದುರಿನ ಕುರ್ಚಿ ತೋರಿಸಿದರು. ಎಪ್ಪತ್ತರ ಹತ್ತಿರದ ಮನುಷ್ಯ. ನೋವಾಗುವ ಮಾತು ಆಡಬೇಕಾಗಿ ಬಂದರೆ ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸುತ್ತ ಕೂಡುವ ಸ್ವಭಾವ. ಅಂದು ಬಹಳ ಹೊತ್ತು ಒರೆಸಿದರು.

“ನೂತನಾಬಾಯಿ, ನಿಮ್ಮ ಹೆಸರಿಗೆ ಒಂದು ಗುನ್ಹೆ ಐತಿ ಅಂತ ಬರದಾರ. ಇಚಲಕರಂಜಿದಾಗ, ಹನ್ನೊಂದು ವರ್ಷದ ಹಿಂದ. ಕಳವಿಂದು. ಅಟಕ ಮಾಡಿ ಠಾಣೇದಾಗ ಇಟ್ಟಿದ್ರು, ತಪಾಸ ಇನ್ನೂ ನಡದೈತಿ ಅಂತ ತೋರಸ್ತೈತಿ.”

ಈ ಮಾತು ಎಂದಾದರೊಂದು ದಿನ ಯಾರದಾದರೂ ಬಾಯಿಂದ ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು.

“ನಾ ತಗೊಂಡಿಲ್ರಿ,” ಎಂದಳು. ಏನನ್ನು ಎಂದು ಅವರು ಕೇಳಲಿಲ್ಲ.

“ಅದು ನಿಮ್ಮ ಮಾರಿ ನೋಡಿದ್ರ ತಿಳೀತೈತಿ. ಆದ್ರ ಐವತ್ತು ಹುಡುಗ್ಯಾರನ್ನ ನಿಮ್ಮ ಕೈಯಾಗ ಕೊಡಬೇಕು. ಕಾಗದ ಸ್ವಚ್ಛ ಬರಲಿ. ಜೂನ್ ತನಕ ಜಾಗಾ ನಾ ಹಿಡದ ಇಡ್ತೇನಿ.”

ಮನೆಗೆ ಬಂದು ಹೇಳಿದಾಗ ಗಂಡ ಅಭಿಜಿತ ಊಟದ ತಟ್ಟೆಯಿಂದ ತಲೆ ಎತ್ತಲಿಲ್ಲ. ಹಾಲಿನ ಸಂಘದಲ್ಲಿ ಲೆಕ್ಕಿಗನಾಗಿದ್ದ ಅವನು ಮಾತು ಕಡಿಮೆಯವನು. “ಬಿಟ್ಟಬಿಡು ಆ ಕೆಲಸ. ಮತ್ತ ಆ ಊರು, ಆ ಠಾಣೆ, ಯಾಕ ಬೇಕು?” ಎಂದ. ಹದಿನಾರರ ಮಗಳು ಮನಾಲಿ ತಾಯಿಯ ಮುಖವನ್ನೂ ತಂದೆಯ ಮುಖವನ್ನೂ ನೋಡುತ್ತಿದ್ದಳು. ಅವಳಿಗೆ ಈ ಕತೆ ಯಾರೂ ಹೇಳಿರಲಿಲ್ಲ. ಅಜ್ಜಿಯ ಮನೆಯೆಂಬುದು ಒಂದಿದೆ, ಅಲ್ಲಿಗೆ ನಾವು ಹೋಗುವುದಿಲ್ಲ, ಅಷ್ಟೇ ಅವಳಿಗೆ ಗೊತ್ತು.

ನೂತನಳ ತವರು ಇಚಲಕರಂಜಿ. ಅವಳ ಅಪ್ಪ ನಾಂದಣಿಯ ಹೊಲ ಬಿಟ್ಟು ಬಂದು ಅಲ್ಲಿ ನಾಲ್ಕು ಮಗ್ಗ ಹಾಕಿ, ಅವು ಓಡುವುದನ್ನು ಹೆಚ್ಚು ದಿನ ನೋಡದೆ ತೀರಿಕೊಂಡಿದ್ದ. ಮಗ್ಗಗಳನ್ನೂ ತಂಗಿಯನ್ನೂ ಸಂಭಾಳಿಸಿದವನು ಅಣ್ಣ ಭರತೇಶ. ಅವಳಿಗಿಂತ ಒಂಬತ್ತು ವರ್ಷ ದೊಡ್ಡವನು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಅವ್ವ ರಾಜಮತಿಗೆ ಮಾತ್ರ ಎಲ್ಲ ಕಡೆಗೂ ಕನ್ನಡವೇ; ಭಾಜಿ ಮಾರುವವಳ ಹತ್ತಿರವೂ ಅದನ್ನೇ ಆಡಿ ತನ್ನ ಕೆಲಸ ಸಾಧಿಸುತ್ತಿದ್ದಳು. ಮದುವೆಯಾಗಿ ಗಡಹಿಂಗ್ಲಜಕ್ಕೆ ಬಂದ ಮೇಲೆ ಪ್ರತಿ ವರ್ಷ ಪರ್ಯುಷಣ ಹಬ್ಬಕ್ಕೆ ನೂತನ ತವರಿಗೆ ಹೋಗುವಳು. ಅವ್ವನ ಉಪವಾಸ, ಬಸದಿಯ ಪೂಜೆ, ಮಧ್ಯಾಹ್ನ ಅವ್ವನ ಮಗ್ಗುಲಲ್ಲಿ ಮಲಗಿ ಏನೇನೋ ಮಾತು. ವರ್ಷವಿಡೀ ಆ ಮಧ್ಯಾಹ್ನಗಳ ದಾರಿ ಕಾಯುತ್ತಿದ್ದಳು.

ಆ ವರ್ಷವೂ ಐದು ವರ್ಷದ ಮನಾಲಿಯನ್ನು ಕರೆದುಕೊಂಡು ಹೋಗಿ ಮೂರು ದಿನ ಇದ್ದು ಬಂದಳು. ಅವಳು ಬಂದ ಮರುದಿನ ಅವ್ವನ ಕಪಾಟಿನಲ್ಲಿದ್ದ ಬಂಗಾರದ ಪಾಟ್ಲಿ ಎರಡೂ ಇರಲಿಲ್ಲ. ಅಗಲ ಬಳೆಯಂಥ, ಅಜ್ಜಿಯ ಕಾಲದ ಪಾಟ್ಲಿ. ಮನೆ ಹುಡುಕಿದರು, ಕೆಲಸದವಳನ್ನು ಕೇಳಿದರು. ಕಪಾಟಿದ್ದ ಕೋಣೆಯಲ್ಲಿ ಅವ್ವನ ಜೊತೆ ಮಲಗಿದವಳು ನೂತನ ಒಬ್ಬಳೇ ಎಂಬ ಮಾತನ್ನು ಮೊದಲು ಯಾರು ಆಡಿದರೋ. ಭರತೇಶ ಮೊದಲಿನಿಂದಲೂ ಸಿಟ್ಟಿನ ಮನುಷ್ಯ. ಸಿಟ್ಟಿನಲ್ಲೇ ಠಾಣೆಗೆ ಹೋಗಿ ಫಿರ್ಯಾದಿ ಕೊಟ್ಟುಬಂದ. “ಅವ್ವಗ ಆರಾಮಿಲ್ಲ, ಬಾ,” ಎಂದು ಫೋನು ಮಾಡಿದ್ದೂ ಅವನೇ.

ಸಿಕ್ಕ ಬಸ್ಸು ಹತ್ತಿ ಹೋದಳು. ಪಡಸಾಲೆಯಲ್ಲಿ ಇಬ್ಬರು ಮಹಿಳಾ ಪೊಲೀಸರು ಕುಳಿತಿದ್ದರು. ಅವ್ವ ಆರಾಮವಾಗಿಯೇ ಇದ್ದಳು, ಅಡಿಗೆಮನೆಯ ಹೊಸ್ತಿಲ ಮೇಲೆ. ನೂತನ ಅವಳನ್ನೇ ನೋಡಿದಳು. ಅವ್ವ ಒಂದು ಮಾತು ಆಡಲಿ, ನನ್ನ ಮಗಳು ಅಂಥಾಕಿ ಅಲ್ಲ ಅನ್ನಲಿ. ಅವ್ವ ಬಾಯಿ ತೆರೆದಂತೆ ಮಾಡಿ, ಮುಚ್ಚಿ, ಕಣ್ಣು ಕೆಳಗೆ ಹಾಕಿದಳು.

ಆ ಒಂದು ಹಗಲು, ಒಂದು ರಾತ್ರಿ ಠಾಣೆಯಲ್ಲಿ ಕಳೆದದ್ದನ್ನು ನೂತನ ಹೇಗೋ ಮರೆತಳು. ಬೆರಳಚ್ಚು ತೆಗೆದ ಮಸಿ ಎರಡು ದಿನದಲ್ಲಿ ಹೋಯಿತು. ಅಭಿಜಿತ ಬಂದು ಜಾಮೀನು ಕೊಟ್ಟು ಬಿಡಿಸಿಕೊಂಡು ಹೋದ. ಮರೆಯಲಾಗದೇ ಉಳಿದದ್ದು ಹೊಸ್ತಿಲ ಮೇಲಿನ ಆ ಸುಮ್ಮಗಿರುವಿಕೆ. ಆಮೇಲೆ ಫೋನಿನ ನಂಬರು ಬದಲಿಸಿದಳು. ಬಾಡಿಗೆ ಮನೆಯೂ ಬದಲಾಯಿತು. ಕೋರ್ಟಿನಿಂದ ಕರೆ ಬರಲಿಲ್ಲ, ಅವಳೂ ಕೇಳಲಿಲ್ಲ. ಎರಡು ವರ್ಷದ ಮೇಲೆ ಅವ್ವ ಹೋದಳೆಂಬ ಸುದ್ದಿ ಹಾಲಿನ ಸಂಘದ ಫೋನಿಗೆ ಬಂತು. ಅಭಿಜಿತ ಜೀಪು ತರಿಸಿದ. “ಕಳ್ಳಿ ಅಂತ ಹೊರಗ ಹಾಕಿದ ಮನೀಗೆ ಅಳಾಕ ಹೋಗೂದಿಲ್ಲ,” ಎಂದು ನೂತನ ಸ್ನಾನ ಮಾಡಿ ಒಳಗೆ ಕುಳಿತಳು. ಜೀಪು ಅಂಗಳದಲ್ಲಿ ಒಂದು ತಾಸು ನಿಂತು ಹೊರಟುಹೋಯಿತು.

ಆ ಜೀಪಿನ ಸಪ್ಪಳ ಇಂದಿಗೂ ಅವಳಿಗೆ ಕೇಳುತ್ತದೆ. ಅಭಿಜಿತ ಬಿಟ್ಟುಬಿಡು ಎಂದಾಗ ಅವಳು, “ಇಲ್ರಿ. ಈ ಸಲ ಹೋಗ್ತೇನಿ,” ಎಂದದ್ದು ಅದಕ್ಕೇ ಇರಬೇಕು.

ಬಸ್ ನಿಲ್ದಾಣದ ಹತ್ತಿರ ಇ-ಸೇವಾ ಕೇಂದ್ರ ನಡೆಸುವ ವಿಕಾಸನೇ ಅವಳ ಅರ್ಜಿ ತುಂಬಿಕೊಟ್ಟವನು. ಉತ್ತರ ಓದಿ ಅವನು ಗಾಬರಿಯಾಗಲಿಲ್ಲ. ಇಂಥವು ಅವನ ಕಡೆ ತಿಂಗಳಿಗೆ ಎರಡು ಬರುತ್ತಿದ್ದವು.

“ಎಫ್‌ಐಆರ್ ಅನ್ನೂದು ಬಚ್ಚಿಡೂ ಕಾಗದ ಅಲ್ರಿ ವೈನಿ. ನಿಮ್ಮ ಮ್ಯಾಲ ಬರದದ್ದರ ನಕಲು ಬೇಡೂ ಹಕ್ಕ ನಿಮಗ ಐತಿ. ಅಟಕ ಆದವರ ಯಾದಿನೂ ಈಗ ಪೊಲೀಸರ ಸೈಟನ್ಯಾಗ ಹಾಕ್ತಾರ, ಯಾರ ಬೇಕಾದ್ರೂ ನೋಡಬಹುದು. ನಿಮ್ಮದು ಹಳೇದು, ಅದಕ್ಕ ಠಾಣೇಕ್ಕ ಹೋಗಿ ನಂಬರ ತಗೀಬೇಕು. ಮುಂದ ಕೋರ್ಟಿನ್ಯಾಗ ಏನಾತು?”

“ಗೊತ್ತಿಲ್ಲ.”

“ಹನ್ನೊಂದು ವರ್ಷಾದ್ರೂ ಕೇಳಿಲ್ರಿ?”

“ಕೇಳಬೇಕು ಅನಸಲಿಲ್ಲ.”

ವಿಕಾಸ ಹಾಳೆಯ ಮೇಲೆ ಬರೆದುಕೊಟ್ಟ: ಮೊದಲು ಠಾಣೆ, ಆಮೇಲೆ ಕೋರ್ಟಿನ ನಕಲು ವಿಭಾಗ, ಕೊನೆಗೆ ಕೊಲ್ಲಾಪುರದ ಎಸ್‌ಪಿ ಆಫೀಸು. “ಬರದದ್ದನ್ನ ಪೂರಾ ಅಳಸೂದು ಭಾಳ ತ್ರಾಸಿಂದು, ಅದಕ್ಕ ಹೈಕೋರ್ಟ್ ಬೇಕು. ಆದ್ರ ಕೇಸ ಮುಗದಿದ್ರ, ಮುಗದೈತಿ ಅಂತ ಅದರ ಮಗ್ಗಲಕ ಬರಸಬಹುದು. ಅಷ್ಟ ಆದ್ರ ಪ್ರಮಾಣಪತ್ರ ಬರ್ತೈತಿ. ಎಷ್ಟೋ ಕೇಸು ಕೋರ್ಟಿನ್ಯಾಗ ಮುಗದಿರ್ತಾವ, ಕಂಪ್ಯೂಟರಿಗೆ ಯಾರೂ ಹೇಳಿರೂದಿಲ್ಲ.”

ಮರುದಿನ ಮುಂಜಾನೆ ಇಚಲಕರಂಜಿಯಲ್ಲಿ ಇಳಿದಾಗ ಓಣಿಓಣಿಯಿಂದ ಮಗ್ಗದ ಸಪ್ಪಳ ಬರುತ್ತಿತ್ತು. ಹುಟ್ಟಿದಂದಿನಿಂದ ಕೇಳಿದ ಸಪ್ಪಳ. ಗಡಹಿಂಗ್ಲಜಕ್ಕೆ ಸೊಸೆಯಾಗಿ ಬಂದ ಹೊಸತರಲ್ಲಿ ಅದು ಇಲ್ಲವೆಂದು ನಿದ್ದೆ ಬರುತ್ತಿರಲಿಲ್ಲ. ತವರಿನ ಓಣಿಗೆ ತಿರುಗುವ ಮೂಲೆಯಲ್ಲಿ ಕಾಲು ತಾವಾಗಿ ನಿಧಾನವಾದವು. ಅವಳು ಸೆರಗು ಬಿಗಿದುಕೊಂಡು ನೇರ ನಡೆದಳು.

ಠಾಣೆಯ ಕಂಪ್ಯೂಟರಿನ ಮುಂದೆ ಪ್ರಾಜಕ್ತಾ ಎಂಬ ಎಳೆಯ ಕಾನ್‌ಸ್ಟೇಬಲ್ ಇದ್ದಳು. “ಬಸಾ ತಾಈ,” ಎಂದು ಮರಾಠಿಯಲ್ಲಿ ಕೂರಿಸಿ, ಅರ್ಜಿಯ ಹೆಸರು ಓದಿ, ನೂತನಳ ಮಾತಿನ ಎಳೆ ಹಿಡಿದು ಕನ್ನಡಕ್ಕೆ ತಿರುಗಿದಳು. “ನಮ್ಮ ಊರು ಇಲ್ಲೇ ಅಕಿವಾಟರಿ. ಮನ್ಯಾಗ ಇದ ಮಾತ.”

ಹುಡುಕಿದಳು. ಸಿಕ್ಕಿತು. ತೆರೆಯನ್ನು ನೂತನಳ ಕಡೆ ಸ್ವಲ್ಪ ತಿರುಗಿಸಿದಳು. ಫಿರ್ಯಾದಿಯ ಹೆಸರು ಅಣ್ಣನದು. ಆರೋಪಿಯ ಹೆಸರು ತನ್ನದು, ವಯಸ್ಸು ಮೂವತ್ತೊಂದು. ಅಟಕ: ಹೌದು. ಸ್ಥಿತಿ: ತನಿಖೆಯಲ್ಲಿ.

“ಇದರಾಗ ಹಿಂಗ ಐತಿ. ತಡೀರಿ, ಹಳೇ ರಜಿಸ್ಟರ ನೋಡತೇನಿ,” ಎಂದು ಪ್ರಾಜಕ್ತಾ ಒಳಗೆ ಹೋದಳು. ಬರುವಾಗ ರಟ್ಟು ಕಿತ್ತ ಒಂದು ದೊಡ್ಡ ಪುಸ್ತಕ ಅವಳ ಕೈಯಲ್ಲಿತ್ತು. ಬೆರಳಿಟ್ಟು ಓದಿದಳು. “ಅಕ್ಕಾ, ಇದು ಮುಗದ ಹೋಗೇತ್ರಿ. ಸಿ ಸಮರಿ ಅಂತ ಕೋರ್ಟಿಗೆ ಕಳಿಸ್ಯಾರ, ಕೋರ್ಟು ಮಂಜೂರ ಮಾಡೇತಿ. ಅಟಕ ಆದ ವರ್ಷದೊಳಗ.”

“ಸಿ ಸಮರಿ ಅಂದ್ರ?”

“ಗುನ್ಹೆನ ಆಗಿಲ್ಲ. ತಪ್ಪ ತಿಳುವಳಿಕಿಯಿಂದ ಫಿರ್ಯಾದಿ ಕೊಟ್ಟಾರ ಅಂತ. ನಿಮಗ ಯಾರೂ ಹೇಳಿಲ್ರಿ?”

ನೂತನ ಇಲ್ಲವೆಂದು ತಲೆಯಾಡಿಸಿದಳು. ಹತ್ತು ವರ್ಷದಿಂದ ತಾನು ಕಳ್ಳಿಯಲ್ಲವೆಂದು ಈ ಪುಸ್ತಕದಲ್ಲಿ ಬರೆದಿತ್ತು. ಅವಳು ಮಾತ್ರ ಅಷ್ಟು ದಿನವೂ ಮದುವೆ ಮನೆಗಳಲ್ಲಿ ಯಾರಾದರೂ ಒಡವೆ ತೆಗೆದಿಟ್ಟರೆ ಆ ಕೋಣೆಯಿಂದ ಎದ್ದು ಹೊರಗೆ ಹೋಗುತ್ತಿದ್ದಳು.

“ಕೋರ್ಟಿನಿಂದ ಪೂರಾ ಫೈಲಿನ ನಕಲು ತಗೋರಿ,” ಎಂದಳು ಪ್ರಾಜಕ್ತಾ. “ಹುಕುಂ ಒಂದ ಸಾಕು. ಆದ್ರ ಎಲ್ಲಾ ತಗೋರಿ. ಏನ ಬರದಾರ ಅನ್ನೂದು ನಿಮಗ ಗೊತ್ತಿರಬೇಕು.”

ಆ ಹುಡುಗಿ ಅಷ್ಟು ಹೇಳದಿದ್ದರೆ ನೂತನ ಒಂದು ಹಾಳೆ ತೆಗೆದುಕೊಂಡು ಹೋಗಿಬಿಡುತ್ತಿದ್ದಳು.

ಕೋರ್ಟಿನಲ್ಲಿ ಸ್ಟಾಂಪು ಹಚ್ಚಿ ಅರ್ಜಿ ಕೊಟ್ಟಳು. ಹಳೆಯ ಕಡತ, ದಫ್ತರದ ಕೋಣೆಯಿಂದ ತೆಗೆಸಬೇಕು, ಎಂಟು ದಿನ ಬಿಟ್ಟು ಬನ್ನಿ ಎಂದರು. ಎಂಟು ದಿನ ಬಿಟ್ಟು ಹೋದರೆ ಇನ್ನೂ ನಾಲ್ಕು ದಿನ ಎಂದರು. ಹನ್ನೆರಡನೆಯ ದಿನ, ಸುಡುಬಿಸಿಲಿನ ಮಧ್ಯಾಹ್ನ, ಹನ್ನೊಂದು ಹಾಳೆಯ ನಕಲು ಅವಳ ಕೈಗೆ ಬಂತು. ವರಾಂಡದ ಕಲ್ಲುಬೆಂಚಿನ ಮೇಲೆ ಕುಳಿತು ಓದತೊಡಗಿದಳು. ಮರಾಠಿಯಲ್ಲಿ ಕಲಿತವಳು ಅವಳು, ಓದುವುದು ಕಷ್ಟವಿರಲಿಲ್ಲ. ಅಣ್ಣನ ಫಿರ್ಯಾದಿ. ಅವಳು ಕೊಟ್ಟ ಹೇಳಿಕೆ, ಮೂರೇ ಸಾಲು. ಪಂಚನಾಮೆ. ಏಳನೆಯ ಹಾಳೆಯ ತಲೆಗೆ ಅವ್ವನ ಹೆಸರು.

ಅಟಕ ಆಗಿ ಎಂಟು ತಿಂಗಳ ಮೇಲಿನ ತಾರೀಖು. ವಯಸ್ಸು ಅರವತ್ತೆಂಟು, ಉದ್ಯೋಗ ಮನೆಗೆಲಸ, ಧರ್ಮ ಜೈನ. ಸ್ವತಃ ಠಾಣೆಗೆ ಬಂದು, ಯಾರೂ ವಿಚಾರಿಸದೆಯೇ ತಾವಾಗಿ ಕೊಟ್ಟ ಜಬಾಬು, ಅಂದರೆ ಹೇಳಿಕೆ, ಎಂದು ಬರೆದಿತ್ತು.

“ಹಬ್ಬದಲ್ಲಿ ಮನೆಗೆ ಮಂದಿ ಬಂದುಹೋಗುತ್ತಾರೆಂದು ಪಾಟ್ಲಿಗಳನ್ನು ಹಳೆಯ ಖಣದಲ್ಲಿ ಸುತ್ತಿ ಜೋಳದ ಡಬ್ಬಿಯ ತಳಕ್ಕೆ ನಾನೇ ಇಟ್ಟಿದ್ದೆ. ಇಟ್ಟದ್ದು ನನಗೆ ನೆನಪಾಗಲಿಲ್ಲ. ಈಗ ನನಗೆ ಬಹಳ ಸಂಗತಿ ಮರೆತುಹೋಗುತ್ತವೆ. ಪೊಲೀಸರು ಮನೆಗೆ ಬಂದ ದಿನ ಮಗಳು ನನ್ನ ಮುಖ ನೋಡಿದಳು. ನಾನು ಎಲ್ಲಿಯಾದರೂ ಇಟ್ಟೆನೋ ಏನೋ ಎಂದು ಮನಸ್ಸಿನಲ್ಲೇ ಹುಡುಕುತ್ತಿದ್ದೆ. ಸಿಗಲಿಲ್ಲ. ಅದಕ್ಕೇ ಮಾತು ಬರಲಿಲ್ಲ. ನಿನ್ನೆ ಡಬ್ಬಿ ಬರಿದಾದಾಗ ಸಿಕ್ಕವು. ತಂದಿದ್ದೇನೆ, ನೋಡಬೇಕು. ನನ್ನ ‘ಕೂಸು’ ಅವುಗಳನ್ನು ಮುಟ್ಟಿಲ್ಲ. ಮಗ ನಾಚಿಕೆಪಟ್ಟು ಬರಲಿಲ್ಲ, ನಾನೇ ಬಂದೆ. ಮಗಳ ಫೋನ್ ನಂಬರು ಹತ್ತುತ್ತಿಲ್ಲ, ಮನೆಯೂ ಬದಲಾಗಿದೆಯಂತೆ. ಅವಳಿಗೆ ಸರಕಾರದವರು ತಿಳಿಸಬೇಕು.”

ಕೊನೆಯಲ್ಲಿ, ಜಬಾಬನ್ನು ಮರಾಠಿಯಲ್ಲಿ ಬರೆದು ಕನ್ನಡದಲ್ಲಿ ಓದಿ ಹೇಳಲಾಗಿದೆ, ಸರಿಯಿದೆ ಎಂದಿದ್ದಾರೆ, ಎಂಬ ಸಾಲು. ಬರೆದವನಿಗೆ ಎಲ್ಲಕ್ಕೂ ಮರಾಠಿ ಸಿಕ್ಕಿತ್ತು, ಕೂಸು ಎಂಬ ಆ ಒಂದು ಶಬ್ದಕ್ಕೆ ಸಿಕ್ಕಿರಲಿಲ್ಲ. ಅದನ್ನು ಅವ್ವ ಅಂದಂತೆಯೇ ಇಟ್ಟು, ಎರಡೂ ಬದಿಗೆ ಉದ್ಧರಣ ಚಿಹ್ನೆ ಹಾಕಿದ್ದ.

ನೂತನ ಹಾಳೆಯ ಮೇಲೆ ಅಂಗೈ ಇಟ್ಟು ಕುಳಿತಳು. ವಕೀಲರು, ಕಕ್ಷಿದಾರರು ಅವಳ ಮುಂದಿನಿಂದಲೇ ಓಡಾಡುತ್ತಿದ್ದರು. ಅಳು ಬರಲಿಲ್ಲ. ಈ ಜಬಾಬು ಕೊಟ್ಟ ಮೇಲೆ ಅವ್ವ ಒಂದು ವರ್ಷಕ್ಕಿಂತ ಹೆಚ್ಚು ಬದುಕಿದ್ದಳು. ಅಷ್ಟು ದಿನವೂ ಸರಕಾರದವರು ತಿಳಿಸಿರುತ್ತಾರೆ, ಇವತ್ತು ಬರುತ್ತಾಳೆ, ನಾಳೆ ಬರುತ್ತಾಳೆ ಎಂದು ಕಾದಿರಬೇಕು. ಗಡಹಿಂಗ್ಲಜದ ಅಂಗಳದಲ್ಲಿ ಒಂದು ತಾಸು ನಿಂತು ಹೋದ ಆ ಜೀಪು.

“ಏನಾತ್ರಿ, ನೀರ ಬೇಕೇನ್ರಿ?” ಮಗ್ಗುಲಲ್ಲಿ ಕುಳಿತ ಕುರಿಗಾರ ಮುದುಕಿಯೊಬ್ಬಳು ಬಾಟಲಿ ಮುಂದೆ ಹಿಡಿದಳು. ನೂತನ ಕುಡಿದಳು.

“ನಮ್ಮ ಅವ್ವನ ಕಾಗದ,” ಎಂದಳು.

“ಇದ್ದಾರೇನ?”

“ಇಲ್ಲ.”

ಮುದುಕಿ ಬಾಟಲಿಯನ್ನು ಅವಳ ಹತ್ತಿರವೇ ಬಿಟ್ಟಳು.

ಮುಂದಿನ ಸೋಮವಾರ ಕೊಲ್ಲಾಪುರದ ಎಸ್‌ಪಿ ಆಫೀಸಿಗೆ ಹೋದಳು. ಅರ್ಜಿ, ಕೋರ್ಟಿನ ಹುಕುಮಿನ ದೃಢೀಕೃತ ನಕಲು, ಆಧಾರ್, ಠಾಣೆಯ ಪತ್ರ. ಗುಮಾಸ್ತ ಒಂದೊಂದೇ ನೋಡಿದ. ಏಳನೆಯ ಹಾಳೆ ಬಂದಾಗ, “ಇದು ಬೇಕಾಗೂದಿಲ್ರಿ, ನೀವ ಇಟಗೋರಿ,” ಎಂದು ತಿರುಗಿ ಕೊಟ್ಟ. ಠಾಣೆಯ ಕಂಪ್ಯೂಟರಿನಲ್ಲಿ ಸ್ಥಿತಿ ಬದಲಿಸಲು ಇಲ್ಲಿಂದ ಪತ್ರ ಹೋಗುತ್ತದೆ, ಹದಿನೈದು ದಿನ ಬಿಟ್ಟು ಹೊಸದಾಗಿ ಅರ್ಜಿ ಹಾಕಿ ಎಂದ. ಹನ್ನೊಂದು ವರ್ಷದ ಕೆಲಸ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು.

ಬಸ್ ನಿಲ್ದಾಣದಲ್ಲಿ ಗಡಹಿಂಗ್ಲಜದ ಬಸ್ಸು ಹೊರಡಲು ಸಿದ್ಧವಾಗಿತ್ತು. ಅವಳು ಅದರ ಮುಂದಿನಿಂದ ಹಾಯ್ದು ಹೋಗಿ ಇಚಲಕರಂಜಿಯ ಬಸ್ಸು ಹತ್ತಿದಳು. ಅಭಿಜಿತನಿಗೆ ಫೋನು ಮಾಡಿ, “ಅಣ್ಣನ ಮನೀಗೆ ಹೋಗಿ ಬರ್ತೇನಿ,” ಎಂದಳು. ಅವನು, “ಹೋಗಿ ಬಾ. ತಡಾ ಆದ್ರ ನಾ ಬರ್ತೇನಿ ಕರಕೊಂಡ ಹೋಗಾಕ,” ಎಂದ.

ಬಾಗಿಲು ತೆರೆದವಳು ಅತ್ತಿಗೆ ಪ್ರಣಿತಾ. ನೋಡಿ, ಒಂದು ಹೆಜ್ಜೆ ಹಿಂದೆ ಸರಿದು, ತಂಬಿಗೆಯಲ್ಲಿ ನೀರು ತಂದು ಕಾಲಿಗೆ ಕೊಟ್ಟಳು. ಭರತೇಶ ಪಡಸಾಲೆಯಲ್ಲಿ ನೂಲಿನ ಕೋನು ತೂಗುತ್ತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಎದ್ದು ನಿಂತವನು ನಿಂತೇ ಇದ್ದ.

ನೂತನ ಚೀಲದಿಂದ ಏಳನೆಯ ಹಾಳೆ ತೆಗೆದು ಅವನ ಕೈಗೆ ಕೊಟ್ಟಳು. ಅವನು ಕನ್ನಡಕ ಹುಡುಕಲಿಲ್ಲ. ಅದು ಏನೆಂದು ಗೊತ್ತಿತ್ತು.

“ನೀನು ಯಾಕ ಬರಲಿಲ್ಲ ಅಣ್ಣಾ? ನನಗ ಹೇಳಾಕ?”

“ಬಂದಿದ್ದೆ,” ಎಂದ. “ಗಡಹಿಂಗ್ಲಜದ ಸ್ಟ್ಯಾಂಡ್ ತನಕ ಬಂದಿದ್ದೆ, ಎರಡು ಸಲ. ಸಂಘದಾಗ ಕೇಳಿದ್ರ ಮನಿ ಸಿಗತಿತ್ತು. ಅಟಕ ಮಾಡಿಸಿದ ಬಾಯಿಲೇ ಏನಂತ ಹೇಳಲಿ? ಅಲ್ಲೇ ಕುಂತು ತಿರುಗಿ ಬಂದೆ. ಕೋರ್ಟಿನ್ಯಾಗ ತಕರಾರಿಲ್ಲ ಅಂತ ಬರಕೊಟ್ಟೆ. ಅಷ್ಟ ಮಾಡಿದೆ.”

“ಅವ್ವಗ ಏನ ಹೇಳಿದಿ?”

ಭರತೇಶ ಹಾಳೆಯನ್ನು ನಾಲ್ಕು ಸಲ ಮಡಿಸಿದ, ಮತ್ತೆ ಬಿಚ್ಚಿದ. “ನಿನಗ ಹೇಳಿ ಬಂದೇನಿ ಅಂತ ಹೇಳಿದೆ. ಸಿಟ್ಟಿನ್ಯಾಗ ಅದಾಳ, ಬರ್ತಾಳ ಅಂದೆ. ಭಾಳ ಖುಷಿ ಆದ್ಳು. ಆಮ್ಯಾಲ ದಿನಾ ಕೇಳತಿದ್ಳು. ಕೇಳಿದ್ದು ಮರತು ಮತ್ತ ಕೇಳತಿದ್ಳು.”

ನೂತನಳಿಗೆ ಅವನನ್ನು ಬಡಿಯಬೇಕೆನಿಸಿತು. ಬಡಿಯಲಿಲ್ಲ. ಚಿಕ್ಕಂದಿನಲ್ಲಿ ಅವಳ ತಲೆ ಬಾಚಿ, ಸೈಕಲ್ಲಿನ ಮೇಲೆ ಶಾಲೆಗೆ ಬಿಟ್ಟುಬಂದವನು ಇವನೇ. ಕ್ಷಮಿಸಿದ್ದೇನೆ ಎನ್ನಲು ಬಾಯಿ ಬರಲಿಲ್ಲ, ಅವನೂ ಕೇಳಲಿಲ್ಲ. ಅವಳು ಕೇಳಿದ್ದು ಇಷ್ಟೇ: “ಠಾಣೇಕ್ಕ ಅವ್ವ ಹೆಂಗ ಹೋದ್ಳು?”

“ರಿಕ್ಷಾದಾಗ, ಒಬ್ಬಾಕಿನ. ಹಸರ ಇಳಕಲ್ ಸೀರಿ ಉಟ್ಟಿದ್ಳು. ಸರಕಾರಿ ಮಂದಿ ಮುಂದ ಹೋಗೂದೈತಿ ಅಂತ.”

ಆ ಸೀರೆ ನೂತನಳಿಗೆ ಗೊತ್ತಿತ್ತು. ಅದನ್ನು ಅವ್ವ ಮದುವೆಗಳಿಗೆ ಮಾತ್ರ ಉಡುತ್ತಿದ್ದಳು. ಆಗ ಅಳು ಬಂತು. ಪ್ರಣಿತಾ ಹತ್ತಿರ ಬಂದು ಕುಳಿತಳು, ಮೈ ಮುಟ್ಟಲಿಲ್ಲ. ಹೊತ್ತು ಮುಳುಗಿದ ಮೇಲೆ ಆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಅಳು ನಿಂತಾಗ ಅತ್ತಿಗೆ, “ಹೊತ್ತ ಮುಳುಗಾಕ ಬಂತು. ಎರಡು ತುತ್ತು ತಿಂದ ಹೋಗ್ರಿ,” ಎಂದಳು. ನೂತನ ತಿಂದಳು. ಮೂವರೂ ಒಟ್ಟಿಗೆ ತಿಂದರು. ಅಭಿಜಿತ ಬಂದು ಬಾಗಿಲಲ್ಲಿ ನಿಂತಾಗ ಭರತೇಶ ಎದ್ದು ಹೋಗಿ ಅವನ ಕೈ ಹಿಡಿದು ಒಳಗೆ ಕರೆತಂದ.

ಪ್ರಮಾಣಪತ್ರ ಜೂನ್ ಮೊದಲ ವಾರ ಬಂತು. ಆಕ್ಷೇಪಾರ್ಹವಾದದ್ದು ಏನೂ ಕಂಡುಬಂದಿಲ್ಲ ಎಂದು ಅದರಲ್ಲಿತ್ತು. ಆಬಾಸಾಹೇಬರು ಓದಿ ಕಡತಕ್ಕೆ ಹಾಕಿ, ಬೀಗದ ಕೈಗೊಂಚಲು ಅವಳ ಮುಂದಿಟ್ಟರು. ನೂತನ ಕೆಲಸಕ್ಕೆ ಸೇರಿದಳು.

ವಸತಿಗೃಹದಲ್ಲಿ ಮಧ್ಯಾಹ್ನ ಹುಡುಗಿಯರು ಶಾಲೆಗೆ ಹೋದ ಮೇಲೆ ಎರಡು ತಾಸು ಯಾರೂ ಇರುವುದಿಲ್ಲ. ಆಗ ಅವಳು ಆ ಹಾಳೆಯನ್ನು ತೆಗೆದು ಮುಂದಿಟ್ಟುಕೊಂಡು, ಒಂದು ನೋಟುಬುಕ್ಕಿನಲ್ಲಿ ಅವ್ವನ ಜಬಾಬನ್ನು ಕನ್ನಡದಲ್ಲಿ ಬರೆಯಲು ನೋಡುತ್ತಾಳೆ, ಅವ್ವ ಅಂದು ಆಡಿರಬಹುದಾದಂತೆ. ಕನ್ನಡ ಅಕ್ಷರಗಳನ್ನು ಮಗಳ ಮೊಬೈಲಿನಲ್ಲಿ ನೋಡಿ ತಿದ್ದಿಕೊಂಡಿದ್ದಾಳೆ. ‘ನನಗೆ ನೆನಪಾಗಲಿಲ್ಲ’ ಎಂಬಲ್ಲಿ ಅವ್ವ ‘ನೆಪ್ಪ ಹಾರಿತ್ತರಿ’ ಅಂದಿರುತ್ತಾಳೆ. ಇಲ್ಲ, ಸಾಹೇಬರ ಮುಂದೆ ಹಾಗೆ ಅನ್ನಲಿಕ್ಕಿಲ್ಲ. ಹೊಡೆದು ಹಾಕಿ ಮತ್ತೆ ಬರೆಯುತ್ತಾಳೆ. ಯಾವುದನ್ನು ಬರೆದರೂ ಓದಿ ನೋಡಿದಾಗ ಅದು ಅವ್ವನ ದನಿಗೆ ಇನ್ನೂ ತುಸು ದೂರವೇ ಉಳಿಯುತ್ತದೆ. ನಾಲ್ಕು ಗಂಟೆಗೆ ಹುಡುಗಿಯರ ಸದ್ದು ಕೇಳುತ್ತಲೇ ಪುಸ್ತಕ ಮುಚ್ಚಿ, ಅವಳು ಬಾಗಿಲು ತೆರೆಯಲು ಏಳುತ್ತಾಳೆ.